ಅಪ್‌ಡೇಟ್: ಶುಗರ್ ಜೊತೆ ಕಿಡ್ನಿ ಕಲ್ಲು, ಕೊನೆಗೆ ಗೊತ್ತಾದದ್ದು

ಶುಗರ್ ಇರುವ ಅಪ್ಪನಿಗೆ ಎರಡನೇ ಸಲ ಕಿಡ್ನಿಯಲ್ಲಿ ಕಲ್ಲಾಗಿದೆ, ಊಟ ಹೇಗಿರಬೇಕು ಅಂತ ಮೂರು ವಾರದ ಹಿಂದೆ ಕೇಳಿದ್ದೆ ಅಲ್ವಾ, ಅದರ ಮುಂದಿನ ಕಥೆ ಇದು.

4 ಎಂಎಂ ಕಲ್ಲು ತಾನಾಗಿಯೇ ಬಿದ್ದುಹೋಯಿತು. ಪರೀಕ್ಷೆಗೆ ಕಳಿಸಿದೆವು, ಕ್ಯಾಲ್ಸಿಯಂ ಆಕ್ಸಲೇಟ್ ಅಂತ ಬಂತು, ಅಂದರೆ ಕ್ಯಾಲ್ಸಿಯಂ ಜೊತೆ ಆಕ್ಸಲೇಟ್ ಅನ್ನೋ ಅಂಶ (ಕೆಲವು ಸೊಪ್ಪು, ಬೀಜಗಳಲ್ಲಿ ಇರುತ್ತದೆ) ಸೇರಿ ಆದ ಕಲ್ಲು. ಆಶ್ಚರ್ಯ ಏನು ಗೊತ್ತಾ? ಶುಗರ್‌ಗೆ ಒಳ್ಳೆಯದು ಅಂತ ನಾವೇ ಬಿಸ್ಕತ್ತು ಬಿಡಿಸಿ ದಿನಾ ಸಂಜೆ ಒಂದು ಹಿಡಿ ಬಾದಾಮಿ, ರಾತ್ರಿ ಅನ್ನದ ಬದಲು ಪಾಲಕ್ ಸೂಪು ಕೊಡುತ್ತಿದ್ದೆವು. ಎರಡರಲ್ಲೂ ಆಕ್ಸಲೇಟ್ ಜಾಸ್ತಿಯಂತೆ!

ಹಾಲು ಮೊಸರು ನಿಲ್ಲಿಸಿ ಅಂದವರ ಮಾತು ಕೇಳಿದ್ದು ತಪ್ಪಾಯಿತು. ಊಟದ ಜೊತೆ ಮೊಸರು ತಿಂದರೆ ಅದರ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದುಕೊಳ್ಳುತ್ತದೆ ಅಂದರು ಡಾಕ್ಟರ್. ಬಾಳೆದಿಂಡಿನ ಜ್ಯೂಸ್ ಹತ್ತು ದಿನ ಕುಡಿದರು, ಅದರಿಂದ ಏನಾದರೂ ಆಯಿತು ಅಂತ ನನಗನ್ನಿಸಲಿಲ್ಲ.

ಕೆಲಸಕ್ಕೆ ಬಂದ ಸಲಹೆ ಅಂದರೆ ಉಪ್ಪು ಕಡಿಮೆ ಮಾಡಿ ಅಂದದ್ದು, ಮತ್ತೆ ಸಕ್ಕರೆ ಹಾಕದ ನಿಂಬೆ ನೀರು. 24 ಗಂಟೆಯ ಮೂತ್ರ ಪರೀಕ್ಷೆಯಲ್ಲಿ ಸೋಡಿಯಂ (ಉಪ್ಪಿನಲ್ಲಿರುವ ಅಂಶ) ಸಿಕ್ಕಾಪಟ್ಟೆ ಇತ್ತು, ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಕೂಡ ಹೆಚ್ಚು ಹೋಗುತ್ತದಂತೆ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಆಗುವಷ್ಟು ನೀರು ಕುಡಿಯಬೇಕು ಅಂದಿದ್ದಾರೆ, ಅಪ್ಪ ಈಗ ಬಾಟಲಿಗೆ ಪೆನ್ನಿನಿಂದ ಗೆರೆ ಹಾಕಿಟ್ಟಿದ್ದಾರೆ. ಉಪ್ಪಿನಕಾಯಿ ಭರಣಿ ಮಾತ್ರ ಅಮ್ಮ ಅಟ್ಟಕ್ಕೇರಿಸಿದ್ದಾರೆ, ಆ ಜಗಳ ಇನ್ನೂ ಮುಗಿದಿಲ್ಲ.