ಸಹಾಯ ಬೇಕು: ಕಕ್ಕಡದಲ್ಲಿ (ಕೊಡಗಿನ ಜೋರು ಮಳೆಯ ತಿಂಗಳು) ಮನೆಯಿಂದ ಕೆಲಸ ಮಾಡೋದು ಹೇಗೆ?

ಕೊಡಗಿನ ನಾಪೋಕ್ಲು ಹತ್ತಿರ ನಮ್ಮ ಮನೆ, ಬೆಂಗಳೂರಿನ ಕಂಪನಿಗೆ ಇಲ್ಲಿಂದಲೇ ಕೆಲಸ. ಬೇಸಿಗೆಯಲ್ಲಿ ತೊಂದರೆಯಿಲ್ಲ. ಕಕ್ಕಡ ಬಂತೆಂದರೆ ಮುಗೀತು. ತೋಟದ ಸಿಲ್ವರ್ ಮರದ ಕೊಂಬೆ ಫೈಬರ್ ಕೇಬಲ್ ಮೇಲೆ ಬಿತ್ತು, ಎರಡು ದಿನ ಕರೆಂಟೂ ಇಲ್ಲ. ಮೊನ್ನೆ ಕ್ಲೈಂಟ್ ಮೀಟಿಂಗನ್ನು ಕೊಡೆ ಹಿಡ್ಕೊಂಡು ಕಾಫಿ ಕಣದಲ್ಲಿ ನಿಂತು ಮುಗಿಸಿದೆ, ಅಲ್ಲಿ ಮಾತ್ರ ಎರಡು ಕಡ್ಡಿ ಸಿಗ್ನಲ್. ಕಾಲಿಗೆ ಜಿಗಣೆ ಹತ್ತಿದ್ದು ಕ್ಯಾಮೆರಾದಲ್ಲಿ ಕಾಣಲಿಲ್ಲ, ಪುಣ್ಯ. ಮ್ಯಾನೇಜರ್ ಈಗ "ಆಫೀಸಿಗೇ ಬಂದುಬಿಡಿ" ಅಂತಿದ್ದಾರೆ. ಅಪ್ಪ ಅಮ್ಮ ಇಬ್ಬರನ್ನೇ ಬಿಟ್ಟು ಹೋಗೋ ಹಾಗಿಲ್ಲ.

ರೂಟರ್ 12 ವೋಲ್ಟಿನದು, ಅದಕ್ಕೆ ಮಿನಿ ಯುಪಿಎಸ್ ತಗೋತೀನಿ. ಮಾಡಿನ ಮೇಲೆ ಆಂಟೆನಾ ಹಾಕಿ 4ಜಿ ರೂಟರ್ ಬಳಸ್ತಿರೋರು ಯಾರಾದ್ರೂ ಇದ್ದೀರಾ? ಈ ಮಳೆಯಲ್ಲಿ ಸೋಲಾರ್ ನಂಬಬಹುದಾ? ಮಡಿಕೇರಿ, ವಿರಾಜಪೇಟೆಯಲ್ಲಿ ದಿನದ ಬಾಡಿಗೆಗೆ ಕೂತು ಕೆಲಸ ಮಾಡೋ ಜಾಗ ಗೊತ್ತಿದ್ರೂ ಹೇಳಿ.