ಸಹಾಯ ಬೇಕು: ನಸ್ಸೌನಲ್ಲಿ ಹಡಗು ಬಿಟ್ಟು ಇಳಿಯದೇ ಇದ್ದವರು ಯಾರಾದ್ರೂ ಇದ್ದೀರಾ?

ನಮಸ್ಕಾರ. ಮುಂದಿನ ತಿಂಗಳು ಅಪ್ಪ, ಅಮ್ಮ, ಮಕ್ಕಳ ಜೊತೆ ಫ್ಲಾರಿಡಾದ ಪೋರ್ಟ್ ಕೆನವೆರಲ್‌ನಿಂದ ಡಿಸ್ನಿ ವಿಶ್ ಹಡಗಿನಲ್ಲಿ ಹೊರಟಿದ್ದೇವೆ. ಬಹಾಮಾಸ್‌ನ ನಸ್ಸೌ ಬಂದ ದಿನ ಊರು ಸುತ್ತದೆ ಹಡಗಿನಲ್ಲೇ ಆರಾಮಾಗಿ ಇರೋಣ ಅಂತ ಯೋಚನೆ. ಅಮ್ಮನಿಗೆ ಮಂಡಿ ನೋವು. ಅಲ್ಲಿನ ಕ್ವೀನ್ಸ್ ಸ್ಟೇರ್‌ಕೇಸ್, ಸುಣ್ಣಕಲ್ಲಿನಲ್ಲಿ ಕಡಿದ 60ಕ್ಕೂ ಜಾಸ್ತಿ ಮೆಟ್ಟಿಲು, ಫೋಟೋ ನೋಡಿಯೇ ಕೈ ಮುಗಿದರು. ಮಕ್ಕಳಿಗಂತೂ ಹಡಗಿನಲ್ಲೇ ಇರುವ ಆಕ್ವಾಮೌಸ್ ನೀರಿನ ಜಾರುಬಂಡಿ ಒಂದಿದ್ದರೆ ಸಾಕು.

ಹೋಗಿ ಬಂದವರು ಹೇಳಿ. ಜನ ಇಳಿದ ಮೇಲೆ ಆ ಜಾರುಬಂಡಿಯ ಕ್ಯೂ ನಿಜವಾಗ್ಲೂ ಕಮ್ಮಿ ಆಗುತ್ತಾ? ಎಷ್ಟು ಹೊತ್ತಿನವರೆಗೆ? ಎತ್ತರ ಸಾಲದ ಚಿಕ್ಕವಳನ್ನು ಎಲ್ಲಿ ಆಡಿಸಬಹುದು? ಬಂದರಿನಲ್ಲಿದ್ದಾಗ ಹಡಗಿನ ಅಂಗಡಿಗಳು ಮುಚ್ಚಿರುತ್ತವೆ, ಅದು ಬಿಡಿ, ದುಡ್ಡು ಉಳೀತು. ಮಧ್ಯಾಹ್ನದ ಊಟದ್ದೇ ಚಿಂತೆ. ಹಿಂದಿನ ರಾತ್ರಿಯೇ ಸರ್ವರ್‌ಗೆ ಹೇಳಿದರೆ ಈರುಳ್ಳಿ, ಬೆಳ್ಳುಳ್ಳಿ ಹಾಕದ ಪಲ್ಯ, ಬೇಳೆ ಸಿಗುತ್ತಾ? ಇಲ್ಲಾಂದ್ರೆ ಅಪ್ಪನಿಗೆ ಮೊಸರನ್ನವೇ ಗತಿಯಾ?