'ಬವೇರಿಯಾದ ಡ್ಯೂಕ್ ವಂಶ' ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಮಧ್ಯಯುಗದ ಜರ್ಮನಿಯ ಡ್ಯೂಕರ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ತಡವರಿಸುತ್ತಿದ್ದೇನೆ. ಮೊದಲನೆಯದು 'ಬವೇರಿಯಾದ ಡ್ಯೂಕ್ ವಂಶ' ಎಂಬ ಬಳಕೆ. ಇದು ಓದುಗರನ್ನು ದಾರಿ ತಪ್ಪಿಸುತ್ತದೆ ಅನ್ನಿಸುತ್ತದೆ.

ಡ್ಯೂಕ್‌ಗೆ ಜರ್ಮನ್ನರ ಮಾತು ಹೆರ್ಟ್ಸೋಗ್. ದಂಡನ್ನು ಮುನ್ನಡೆಸುವವನು ಎಂದು ಅದರ ಮೂಲ ಅರ್ಥ. ಹೆಚ್ಚುಕಮ್ಮಿ ನಮ್ಮ ದಂಡನಾಯಕ. ಮುಂದೆ ಈ ಪದವಿ ಮಗನಿಗೆ ಬರುವುದು ವಾಡಿಕೆಯಾಯಿತು, ನಿಜ. ಆದರೂ ಅರಸ ಮನಸ್ಸು ಮಾಡಿದರೆ ಕಿತ್ತುಕೊಳ್ಳಬಹುದಿತ್ತು.

'ಸಿಂಹ' ಎಂದು ಹೆಸರಾದ ಹೈನ್ರಿಖ್‌ಗೆ ಆದದ್ದೇ ಇದು. ಇವನು ವೆಲ್ಫ್ ಮನೆತನದವನು. 1142ರಲ್ಲಿ ಸ್ಯಾಕ್ಸನಿ, 1156ರಲ್ಲಿ ಬವೇರಿಯಾ, ಎರಡೂ ಕೈಗೆ ಬಂದವು. ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ ಇವನ ಸೋದರತ್ತೆಯ ಮಗ. ಹೈನ್ರಿಖ್ ಮೇಲೆ ದೂರುಗಳು ಬಂದವು, ಕರೆ ಹೋಯಿತು, ಇವನು ವಿಚಾರಣೆಗೆ ಹಾಜರಾಗಲೇ ಇಲ್ಲ. 1180ರಲ್ಲಿ ಎರಡೂ ಹೋದವು. ಬವೇರಿಯಾ ವಿಟೆಲ್ಸ್‌ಬಾಖ್ ಮನೆತನದ ಒಟ್ಟೋಗೆ ಸಿಕ್ಕಿತು. ಸ್ಯಾಕ್ಸನಿಯನ್ನು ಒಡೆದು ಹಂಚಿದರು. ಆದರೆ ಬ್ರೌನ್‌ಶ್ವೈಗ್, ಲೂನೆಬುರ್ಗ್ ಸುತ್ತಲಿನ ಜಮೀನು ವೆಲ್ಫರ ಕೈಯಲ್ಲೇ ಉಳಿಯಿತು. ಯಾಕಂದ್ರೆ ಅದು ಪಿತ್ರಾರ್ಜಿತ. 1235ರಲ್ಲಿ ಅದೇ ನೆಲವನ್ನು ಹೊಸ ಡಚಿ (ಡ್ಯೂಕ್ ಆಳುವ ಸೀಮೆ) ಮಾಡಿ ಹೈನ್ರಿಖ್‌ನ ಮೊಮ್ಮಗ ಒಟ್ಟೋಗೆ ಕೊಟ್ಟರು.

ಹೀಗಾಗಿ ಡಚಿ ಬೇರೆ, ಮನೆತನ ಬೇರೆ. 'ಬವೇರಿಯಾದ ಡ್ಯೂಕರು' ಎಂದರೆ ಸರಿ, 'ಬವೇರಿಯಾದ ಡ್ಯೂಕ್ ವಂಶ' ಎಂದರೆ ಒಂದೇ ಕುಟುಂಬ ಉದ್ದಕ್ಕೂ ಆಳಿತು ಅಂತ ಆಗಿಬಿಡುತ್ತದೆ, ಅಲ್ವಾ?

'ವಂಶ' ಎಂಬ ಪದದ ಬಗ್ಗೆಯೂ ನನಗೆ ತಕರಾರಿದೆ: ತಂದೆಯಿಂದ ಮಗನಿಗೆ ಇಳಿದ ಸಾಲು ಎಂಬ ಅರ್ಥ ಬಂದುಬಿಡುತ್ತದೆ. ಅದೇ ವೆಲ್ಫ್ ಮನೆತನದ ಮೂರನೇ ವೆಲ್ಫ್ 1055ರಲ್ಲಿ ಮಕ್ಕಳಿಲ್ಲದೆ ಸತ್ತ. ಆಸ್ತಿಯನ್ನು ಮಠಕ್ಕೆ ಬರೆದಿದ್ದ. ಅವನ ತಾಯಿ ಇಮಿಜಾ ಅದಕ್ಕೆ ಒಪ್ಪಲಿಲ್ಲ. ಇಟಲಿಗೆ ಮದುವೆ ಮಾಡಿಕೊಟ್ಟಿದ್ದ ಮಗಳ ಮಗನನ್ನು ಕರೆಸಿ ಎಲ್ಲವನ್ನೂ ಅವನಿಗೆ ಕೊಡಿಸಿದಳು. ಅವನೇ ನಾಲ್ಕನೇ ವೆಲ್ಫ್. 1070ರಲ್ಲಿ ಬವೇರಿಯಾದ ಡ್ಯೂಕ್ ಆದ. ಸಿಂಹ ಹೈನ್ರಿಖ್ ಇವನ ಮರಿಮಗ. ಎಂಥ ಗಟ್ಟಿಗಿತ್ತಿ ಆ ಅಜ್ಜಿ! ತುಳುನಾಡಿನವರಿಗೆ ಅಳಿಯಸಂತಾನ ನೆನಪಾಗಬಹುದು, ಆದರೆ ಜರ್ಮನಿಯಲ್ಲಿ ಅದು ಕಟ್ಟಳೆಯಾಗಿರಲಿಲ್ಲ, ಆ ಒಂದು ಸಲ ನಡೆದದ್ದು. ಜರ್ಮನ್ನರು ಕೂಡ 'ಮನೆ' ಎಂದೇ ಹೇಳುತ್ತಾರೆ. ಹಾಗಾಗಿ ನಾನು ಎಲ್ಲ ಕಡೆ 'ಮನೆತನ' ಎಂದೇ ಬರೆಯುತ್ತಿದ್ದೇನೆ.

ಉಳಿದದ್ದು ಒಂದು ಪ್ರಶ್ನೆ. ಸೇವೆಗೆ ಬದಲಾಗಿ ಅರಸ ಕೊಡುವ ನೆಲಕ್ಕೆ 'ಉಂಬಳಿ' ಎನ್ನೋಣವೇ? ಒಂದೆರಡು ಊರಿಗಾದರೆ ಸರಿ, ಇಡೀ ಬವೇರಿಯಾಕ್ಕೆ ಚಿಕ್ಕದಾಯಿತೇನೋ. ವಿಜಯನಗರದ ನಾಯಕರು ದಂಡು ಸಾಕುವುದಕ್ಕೆಂದು ಪಡೆಯುತ್ತಿದ್ದ 'ಅಮರ' ಹೆಚ್ಚು ಹತ್ತಿರ ಅನ್ನಿಸುತ್ತದೆ. ಆದರೆ ಇವತ್ತಿನ ಓದುಗರು ಅದನ್ನು 'ಸಾವಿಲ್ಲದ' ಎಂದು ಓದಿಕೊಂಡಾರು. ಶಾಸನಗಳನ್ನು ಓದುವವರು ದಯವಿಟ್ಟು ತಿಳಿಸಿ: ದೊಡ್ಡ ಸೀಮೆಯನ್ನೇ ಉಂಬಳಿ ಕೊಟ್ಟ ಬಳಕೆ ಎಲ್ಲಾದರೂ ಇದೆಯೇ?